ಅರ್ಧ ಮಾತ್ರೆ

ಅದು ಶುರುವಾದದ್ದು ಪುಷ್ಯಮಾಸದ ಚಳಿಯಲ್ಲಿ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ. ಕತ್ರಿಗುಪ್ಪೆಯ ಆ ಅಡ್ಡರಸ್ತೆಯಲ್ಲಿ ಅಷ್ಟು ಬೇಗ ಏಳುತ್ತಿದ್ದವರು ಇಬ್ಬರೇ. ಒಬ್ಬ ಹಾಲಿನ ಬೂತಿನವನು, ಇನ್ನೊಬ್ಬರು ರೊಟ್ಟಿ ಮೀನಾಕ್ಷಮ್ಮ. ಅವರು ಹಲಗೆಯ ಮೇಲೆ ಜೋಳದ ರೊಟ್ಟಿ ತಟ್ಟುವ ಸದ್ದು ಕೇಳಿದರೆ ಮೇಲಿನ ಮನೆಯವರು ಮಗ್ಗಲು ಬದಲಿಸಿ, ಇನ್ನೂ ಒಂದು ನಿದ್ದೆಗೆ ಹೊತ್ತಿದೆ ಎಂದುಕೊಳ್ಳುತ್ತಿದ್ದರು.

ಆ ದಿನ ಮೀನಾಕ್ಷಮ್ಮ ಎಸರಿಗೆ ನೀರಿಡುವ ಮೊದಲು ಮಗನ ಮಾತ್ರೆಯನ್ನು ಹಾಳೆಯಿಂದ ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡರು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಅಡಕತ್ತರಿ ತೆಗೆದು, ಅಡಿಕೆ ಹೋಳು ಮಾಡಿದ ಹಾಗೆ, ಕಟ್ ಎಂದು ಎರಡು ಮಾಡಿದರು. ಒಂದು ಹೋಳನ್ನು ಪುಡಿ ಮಾಡಿ ಜೇನುತುಪ್ಪದಲ್ಲಿ ಕಲಸಿದರು, ಅದು ಮಗ ಸುಮನ್‌ಗೆ. ಇನ್ನೊಂದು ಹೋಳಿನ ಪುಡಿ ಜೀರಿಗೆ ಕಷಾಯದ ಲೋಟಕ್ಕೆ ಹೋಯಿತು, ಮೇಲೆ ಒಂದು ಚೂರು ಬೆಲ್ಲ ಹೆಚ್ಚಿಗೆ. ಅದು ಮಗಳು ಪ್ರೇರಣಾಗೆ. ಸುಮನ್‌ಗೆ ಮಾತ್ರೆ ನುಂಗಿದರೆ ಚಿಕ್ಕಂದಿನಿಂದ ಓಕರಿಕೆ, ಹಾಗಾಗಿ ಜೇನಿನಲ್ಲಿ ತೇದು ಕೊಡುವುದು ಹಳೆಯ ರೂಢಿ. ಪ್ರೇರಣಾ ಬರೀ ಹೊಟ್ಟೆಗೆ ಕಷಾಯ ಕುಡಿಯುವುದೂ ರೂಢಿಯೇ. ಹೀಗಾಗಿ ಮನೆಯಲ್ಲಿ ಯಾರಿಗೂ ಏನೂ ಹೊಸದಾಗಿ ಕಾಣಲಿಲ್ಲ.

ಮೀನಾಕ್ಷಮ್ಮ ಕೆಟ್ಟ ಹೆಂಗಸಲ್ಲ. ಕೆಟ್ಟವರಾಗಿದ್ದರೆ ಈ ಕತೆಯನ್ನು ಹೇಳುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅವರ ಗಂಡ ಸೋಮಲಿಂಗಪ್ಪ ಜೋಳ, ಬೇಳೆಯ ವ್ಯಾಪಾರ ಮಾಡುತ್ತಿದ್ದವರು. ನಲವತ್ತು ದಾಟಿದ ವರುಷವೇ ಒಂದು ಮಧ್ಯಾಹ್ನ ಜೋಳದ ಮೂಟೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದವರು ಅರ್ಧಕ್ಕೇ ಕೂತರು, ಕೂತವರು ಏಳಲಿಲ್ಲ. ಒಂದು ದಿನ ನೆಗಡಿ ಎಂದು ಮಲಗಿದವರಲ್ಲ. ಬಂದ ಬಂಧುಗಳು ದೃಷ್ಟಿ ಎಂದರು, ಮಾಟ ಎಂದರು, ಬಿಸಿಲಿಗೆ ನೆತ್ತಿ ಕಾದಿದೆ ಎಂದರು. ಹಾರ್ಟು ಎಂದವರೂ ಇದ್ದರು. ಆದರೆ ಆ ಹಾರ್ಟು ಮಕ್ಕಳ ಎದೆಯಲ್ಲೂ ಇರಬಹುದು ಎಂದು ಯಾರಿಗೆ ಹೊಳೆಯಬೇಕು?

ಆಗಿನಿಂದ ಮೀನಾಕ್ಷಮ್ಮ ಮೆಸ್ಸುಗಳಿಗೆ ರೊಟ್ಟಿ ತಟ್ಟಿಕೊಟ್ಟೇ ಇಬ್ಬರನ್ನೂ ಓದಿಸಿದರು. ಒಂದು ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. ಅತ್ತೆ ಬದುಕಿದ್ದಾಗ ತುಪ್ಪ ಮೊಮ್ಮಗನ ತಟ್ಟೆಗೆ ಬೀಳುತ್ತಿತ್ತು, ಮೊಮ್ಮಗಳ ತಟ್ಟೆಗೆ ಬರೀ ಚಮಚದ ವಾಸನೆ. ಕೇಳಿದರೆ, ಹೆಣ್ಣು ಹುಡುಗಿಗೆ ಯಾಕಷ್ಟು ಜಿಡ್ಡು ಎನ್ನುತ್ತಿದ್ದರು. ಅತ್ತೆ ಕಣ್ಣು ಮುಚ್ಚಿದ ಮೇಲೆ ಮೀನಾಕ್ಷಮ್ಮನ ಮನೆಯಲ್ಲಿ ಹೋಳಿಗೆ ಒಂದೇ ಉಳಿದರೂ ಅದು ಎರಡಾಗುತ್ತಿತ್ತು. ಬಾಳೆಹಣ್ಣು, ಕೊಬ್ಬರಿ ಮಿಠಾಯಿ, ಯಾರೋ ಕೊಟ್ಟ ಒಂದು ಚಾಕೊಲೇಟು, ಎಲ್ಲವೂ ಎರಡು. ಮಕ್ಕಳು ದೊಡ್ಡವರಾಗಿ, ಮಗ ನೀರಿನ ಟ್ಯಾಂಕ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟರೂ, ಮಗಳು ಜಯನಗರದ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರೂ ಅದು ತಪ್ಪಲಿಲ್ಲ. ಅಣ್ಣ ತಂಗಿ ಇದನ್ನು ಹಾಸ್ಯ ಮಾಡುತ್ತಿದ್ದರು. ಅಮ್ಮನಿಗೆ ಮೊಟ್ಟೆಯಿಟ್ಟ ಕೋಳಿ ಸಿಕ್ಕಿದ್ದರೆ ಕೋಳಿಯನ್ನೂ ಅರ್ಧ ಮಾಡ್ತಿದ್ರು ಎಂದು ಸುಮನ್ ಹೇಳಿದರೆ, ಲಿಂಗ ಕಟ್ಟಿಕೊಂಡವರ ಮನೇಲಿ ಎಂಥ ಮಾತಾಡ್ತೀಯೋ ಎಂದು ಅವರು ಸೌಟು ಎತ್ತುತ್ತಿದ್ದರು.

ಹಿಂದಿನ ವರುಷ ಸುಮನ್ ಅಂಗಡಿಯ ಶಟರ್ ಎಳೆಯುತ್ತಿದ್ದವನು ಕಣ್ಣು ಕತ್ತಲಿಟ್ಟು ಬಿದ್ದ. ಅಕ್ಕಪಕ್ಕದವರು ಎತ್ತಿ ಜಯನಗರದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಡಾಕ್ಟರ್ ಜಯಸಿಂಹ ಎಂಬವರು ಎದೆಯ ಎಕೋ ಮಾಡಿ ನೋಡಿ, ಹೃದಯದ ಗೋಡೆ ದಪ್ಪವಾಗಿದೆ, ಇದು ವಂಶದಲ್ಲಿ ಬರುವ ಕಾಯಿಲೆ, ಅಪ್ಪ ಹೇಗೆ ತೀರಿಕೊಂಡರು ಎಂದು ಕೇಳಿದರು. ಮೆಟ್ಟಿಲ ಕತೆ ಕೇಳಿದ ಮೇಲೆ ತಂಗಿಯನ್ನೂ ಕರೆತರಲು ಹೇಳಿದರು. ತಂಗಿಗೂ ಇತ್ತು.

ಡಾಕ್ಟರು ಒಳ್ಳೆಯವರು, ಬಿಡಿಸಿ ಹೇಳುವ ತಾಳ್ಮೆ ಇದ್ದವರು. ಮೇಜಿನ ಮೇಲೆ ಕೈಯಿಟ್ಟು ಮುಷ್ಟಿ ಹಿಡಿದು ತೋರಿಸಿದರು. ಪ್ರತಿ ಸಲ ಹೃದಯ ಹಿಂಡಿಕೊಳ್ಳುವುದಕ್ಕೆ ಮಾಂಸದೊಳಗೆ ಒಂದಿಷ್ಟು ಕ್ಯಾಲ್ಸಿಯಂ ಬರುತ್ತದೆ, ಮುಷ್ಟಿ ಮುಚ್ಚುತ್ತದೆ. ಅದು ಹಿಂದೆ ಸರಿದರೆ ಮುಷ್ಟಿ ಬಿಚ್ಚುತ್ತದೆ. ಇವರ ಮನೆಯ ಹೃದಯದ ಮಾಂಸಕ್ಕೆ ಹುಟ್ಟಿನಿಂದಲೇ ಕ್ಯಾಲ್ಸಿಯಂ ಎಂದರೆ ವಿಪರೀತ ಸೂಕ್ಷ್ಮ. ಒಂದು ಚೂರು ಬಂದರೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಹೋದರೂ ಪೂರ್ತಿ ಬಿಡುವುದಿಲ್ಲ. ಬಿಗಿ ಹಿಡಿದೂ ಹಿಡಿದೂ ದಪ್ಪವಾಗಿದೆ ಎಂದರು. ಮೀನಾಕ್ಷಮ್ಮನಿಗೆ ಇದು ಚೆನ್ನಾಗಿ ಅರ್ಥವಾಯಿತು. ಎಸರು ಕಡಿಮೆಯಾದ ಹಿಟ್ಟು ಹೀಗೆಯೇ, ಬಿಗಿದುಕೊಂಡು ಅಂಚೆಲ್ಲ ಸೀಳುತ್ತದೆ.

ಅರ್ಥವಾದದ್ದೇ ತಪ್ಪಾಯಿತು. ಮನೆಗೆ ಬಂದವರೇ ಹಾಲು, ಮೊಸರು ನಿಲ್ಲಿಸಿದರು. ರಾಗಿಯಲ್ಲಿ ಸುಣ್ಣದ ಸತ್ವ ಎಂದು ಯಾರೋ ಹೇಳಿದ್ದು ನೆನಪಾಗಿ ರಾಗಿ ಡಬ್ಬಿಯನ್ನು ಕೆಲಸದ ಮಂಗಮ್ಮನಿಗೆ ಕೊಟ್ಟುಬಿಟ್ಟರು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಇದನ್ನೆಲ್ಲ ಹೆಮ್ಮೆಯಿಂದ ವರದಿ ಒಪ್ಪಿಸಿದರು. ಡಾಕ್ಟರ ಜೊತೆ ಕೆಲಸ ಮಾಡುವ ಪ್ರಿಯಾಂಕಾ ಎಂಬ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

“ಸಖತ್ ಆಂಟಿ ನೀವು. ಕುಡಿಯೋ ಹಾಲಿಗೂ ಇದಕ್ಕೂ ಸಂಬಂಧನೇ ಇಲ್ಲ. ಮೊಸರನ್ನ ತಿನ್ಲಿ ಬಿಡಿ, ಪಾಪ.”

ಡಾಕ್ಟರೂ ನಕ್ಕರು. ಸುಮನ್ ನಕ್ಕ, ಪ್ರೇರಣಾ ನಕ್ಕಳು. ಕೆಟ್ಟ ನಗು ಅಲ್ಲ ಅದು, ಮನೆಯವರ ನಗುವಿನ ಹಾಗೇ ಇತ್ತು. ಆದರೆ ಮೀನಾಕ್ಷಮ್ಮನ ಕಿವಿ ಬಿಸಿಯಾಯಿತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು ಅವರು. ದೊಡ್ಡವರ ಮಾತು ತನಗೂ ತಿಳಿಯಿತು ಎಂದು ಅಪರೂಪಕ್ಕೆ ಎದೆ ಉಬ್ಬಿಸಿಕೊಂಡಿದ್ದರು. ಅವತ್ತಿನಿಂದ ಆ ಕೋಣೆಯಲ್ಲಿ ಅವರು ಏನನ್ನೂ ಕೇಳಲಿಲ್ಲ. ಹೂಂ ಎಂದು ತಲೆಯಾಡಿಸಿ ಚೀಲ ಹಿಡಿದು ಕೂರುತ್ತಿದ್ದರು.

ಆಗ ಆ ಆಸ್ಪತ್ರೆಯಲ್ಲಿ ಹೊಸ ಮಾತ್ರೆಯೊಂದರ ಪರೀಕ್ಷೆ ನಡೆಯುತ್ತಿತ್ತು. ಹೃದಯದ ಮಾಂಸಕ್ಕೆ ಕ್ಯಾಲ್ಸಿಯಂ ಮೇಲಿನ ಆ ಸೂಕ್ಷ್ಮವನ್ನೇ ಮಂದ ಮಾಡುವ ಮಾತ್ರೆ. ಮುಷ್ಟಿ ಹಿಡಿತ ಸಡಿಲಾಗುತ್ತದೆ. ಅಂಗಡಿಯಲ್ಲಿ ಸಿಗುವುದಿಲ್ಲ, ಪರೀಕ್ಷೆಗೆ ಸೇರಿದವರಿಗೆ ಮಾತ್ರ. ಸುಮನ್‌ನ ದಪ್ಪ ಗೋಡೆ ರಕ್ತ ಹೊರಗೆ ಹೋಗುವ ದಾರಿಗೇ ಅಡ್ಡ ಬರುತ್ತಿತ್ತು, ಅಂಥವರಿಗೇ ಈ ಮಾತ್ರೆ. ಪ್ರೇರಣಾಳ ಗೋಡೆ ದಪ್ಪವಿದ್ದರೂ ದಾರಿ ತೆರೆದಿತ್ತು. ಆ ಬಗೆಯ ಹೃದಯಕ್ಕೆ ಇದು ಒಳ್ಳೆಯದು ಮಾಡುತ್ತದೋ ಕೆಟ್ಟದೋ ಇನ್ನೂ ಗೊತ್ತಿಲ್ಲ, ಅವಳನ್ನು ಹಾಗೇ ನೋಡಿಕೊಳ್ಳೋಣ ಎಂದರು ಡಾಕ್ಟರು. ಇನ್ನೊಂದು ಮಾತನ್ನೂ ಹೇಳಿದರು. ಮಾತ್ರೆ ಹೆಚ್ಚಾದರೆ ಮುಷ್ಟಿ ಸಡಿಲಾಗಿ ಮುಚ್ಚುವುದೇ ಇಲ್ಲ, ಅದಕ್ಕೇ ಪ್ರತಿ ತಿಂಗಳು ಎಕೋ ಮಾಡಿ ನೋಡುವುದು ಎಂದು. ಮೀನಾಕ್ಷಮ್ಮ ಹೂಂ ಎಂದರು.

ಹಿಂದಿರುಗುವಾಗ ಬಸ್ಸಿನಲ್ಲಿ ಸುಮನ್ ಮುಂದೆ ಕೂತಿದ್ದ. ಪ್ರೇರಣಾ ಅಮ್ಮನ ಪಕ್ಕ, ಕಿಟಕಿಯ ಕಡೆ ಮುಖ ಮಾಡಿಕೊಂಡು. ಬನಶಂಕರಿ ದೇವಸ್ಥಾನ ದಾಟಿದ ಮೇಲೆ ಮೆಲ್ಲಗೆ ಕೇಳಿದಳು:

“ಅಂದ್ರೆ ನಾನೂ ಅಪ್ಪನ ಥರ ಮೆಟ್ಟಿಲ ಮೇಲೆ ಕೂತ್ಕೊಳ್ಳೋವರೆಗೂ ನೋಡ್ತಾರಾ ಅಮ್ಮ?”

ಅವಳು ಅದನ್ನು ನಗುತ್ತಲೇ ಕೇಳಿದ್ದು. ಮೀನಾಕ್ಷಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಂಡರು. ಮಾತ್ರೆಯ ಮೊದಲ ಡಬ್ಬಿ ಮನೆಗೆ ಬಂದದ್ದು ಅದಾದ ವಾರಕ್ಕೆ. ಗಂಡುಹುಡುಗನ ತಟ್ಟೆಗೆ ಮತ್ತೆ ತುಪ್ಪ ಬಿದ್ದಿದೆ ಎಂದಷ್ಟೇ ಅವರಿಗೆ ಕಂಡಿತು. ಡಾಕ್ಟರನ್ನು ಕೇಳಬಹುದಿತ್ತು. ಕೇಳಿದರೆ ನಗುತ್ತಾರೆ. ಅಡಕತ್ತರಿ ಕೈಗೆ ಬಂತು.

ಮೊದಲಿಗೆ ಎಲ್ಲ ಒಳ್ಳೆಯದೇ ಆಯಿತು. ಸುಮನ್ ಒಂದೇ ಉಸಿರಿಗೆ ಮನೆಯ ಮೆಟ್ಟಿಲು ಹತ್ತತೊಡಗಿದ. ಪ್ರೇರಣಾ ಕೂಡ ಈಗೀಗ ಎದೆ ಹಗುರವಾಗಿದೆ ಎಂದಳು, ಕೆನ್ನೆ ಕೆಂಪಾಯಿತು. ಮೀನಾಕ್ಷಮ್ಮ ಮನಸ್ಸಿನೊಳಗೇ ಶಿವನಿಗೆ ಕೈಮುಗಿದರು. ತಾನು ಮಾಡಿದ್ದು ಸರಿ ಎಂದು ಅವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಆದರೆ ಎಕೋದಲ್ಲಿ ಡಾಕ್ಟರಿಗೆ ಸಮಾಧಾನವಾಗಲಿಲ್ಲ. ಇಷ್ಟು ಮಾತ್ರೆಗೆ ಇನ್ನೂ ಸಡಿಲವಾಗಬೇಕಿತ್ತು, ರಕ್ತದಲ್ಲೂ ಔಷಧಿ ಕಡಿಮೆ ತೋರಿಸುತ್ತಿದೆ, ದಿನವೂ ತಗೊಳ್ತೀರಾ ಎಂದು ಕೇಳಿದರು. ಅಮ್ಮನೇ ಕೊಡ್ತಾರೆ ಸಾರ್, ತಪ್ಪಿಸೋ ಹಾಗೇ ಇಲ್ಲ ಎಂದ ಸುಮನ್.

“ಇಂಥ ತಾಯಿ ಇದ್ರೆ ನಮಗೆ ನರ್ಸೇ ಬೇಡ,” ಎಂದರು ಡಾಕ್ಟರು.

ಮೀನಾಕ್ಷಮ್ಮ ತಮ್ಮ ಚಪ್ಪಲಿಯ ಉಂಗುಷ್ಠವನ್ನೇ ನೋಡುತ್ತ ಕೂತರು. ನಾಚಿಕೆ ಮೊದಲ ಸಲ ಬಂದದ್ದು ಆಗ. ಹೊಗಳಿಕೆ ಅಷ್ಟು ಸುಡುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಆಗಲೂ ಹೇಳಬಹುದಿತ್ತು. ಇನ್ನೂ ಏನೂ ಕೆಟ್ಟಿರಲಿಲ್ಲ. ಆದರೆ ಆ ಮಾತನ್ನು ಕೇಳಿದ ಮೇಲೆ ಬಾಯಿ ಬಿಡುವುದು ಮೊದಲಿಗಿಂತ ಕಷ್ಟವಾಯಿತು. ಡಾಕ್ಟರು ದೊಡ್ಡ ಮಾತ್ರೆ ಬರೆದರು. ಬೇಸಿಗೆಯಲ್ಲಿ ಇನ್ನೂ ದೊಡ್ಡದು. ಅಡಕತ್ತರಿಗೆ ಎಲ್ಲ ಒಂದೇ.

ಆಷಾಢ ಬರುವ ಹೊತ್ತಿಗೆ ಪ್ರೇರಣಾಳ ಕೆನ್ನೆಯ ಕೆಂಪು ಹೋಗಿತ್ತು. ಸಂಜೆ ಹೊತ್ತಿಗೆ ಪಾದ ಊದಿ ಚಪ್ಪಲಿ ಪಟ್ಟಿ ಹಾಕಲಾಗುತ್ತಿರಲಿಲ್ಲ. ನಿಂತು ನಿಂತು ಹಾಗೆ ಎಂದಳು ಅವಳು. ಮೀನಾಕ್ಷಮ್ಮ ಹೌದು ಎಂದು ನಂಬಿದರು. ನಂಬದಿದ್ದರೆ ಬೇರೆ ಏನನ್ನೋ ಯೋಚಿಸಬೇಕಾಗುತ್ತಿತ್ತು. ಕಷಾಯಕ್ಕೆ ಶುಂಠಿ ಸೇರಿಸಿದರು. ಪುಡಿ ಹಾಕುವುದನ್ನು ನಿಲ್ಲಿಸಲಿಲ್ಲ. ಕಾಯಿಲೆಯೇ ಹೆಚ್ಚಾಗಿದ್ದರೆ ಆಗ ತಾನೇ ಮಾತ್ರೆ ಬೇಕಾದದ್ದು?

ಒಂದು ಮಧ್ಯಾಹ್ನ ಕನ್ನಡಕದ ಅಂಗಡಿಯ ಮಾಲೀಕ ಶಶಿಕಾಂತ್ ಫೋನ್ ಮಾಡಿದರು. ಪ್ರೇರಣಾ ಗಿರಾಕಿಯ ಕಣ್ಣು ಅಳೆಯುತ್ತ ನಿಂತವಳು ಉಸಿರು ಸಾಲದೆ ನೆಲಕ್ಕೆ ಕೂತುಬಿಟ್ಟಿದ್ದಳು, ಅವರೇ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಮೀನಾಕ್ಷಮ್ಮ ಹಿಟ್ಟಿನ ಕೈಯಲ್ಲೇ ಓಡಿದರು.

ಎಕೋ ನೋಡಿದ ಡಾಕ್ಟರ್ ಜಯಸಿಂಹ ಅದನ್ನು ಇನ್ನೊಮ್ಮೆ ಮಾಡಿಸಿ ನೋಡಿದರು. ಆಮೇಲೆ ಅಣ್ಣನನ್ನೂ ಅಮ್ಮನನ್ನೂ ಅವಳ ಮಂಚದ ಹತ್ತಿರವೇ ಕರೆದರು. ಕಳೆದ ವರುಷ ಗಟ್ಟಿಯಾಗಿ ಹಿಂಡುತ್ತಿದ್ದ ಹೃದಯ ಈಗ ಸೋತಿದೆ, ಅರ್ಧದಷ್ಟೂ ಹಿಂಡುತ್ತಿಲ್ಲ ಎಂದರು. ಈ ಕಾಯಿಲೆ ಇಷ್ಟು ಬೇಗ ಹೀಗೆ ಮಾಡುವುದಿಲ್ಲ, ಏನು ಔಷಧಿ ತಗೊಳ್ತಿದ್ದೀರಿ ಎಂದು ಪ್ರೇರಣಾಳನ್ನು ಕೇಳಿದರು. ಏನೂ ಇಲ್ಲ ಎಂದಳು. ಇನ್ನೊಮ್ಮೆ ಕೇಳಿದರು. ಮೂಗಿಗೆ ಆಮ್ಲಜನಕದ ಕೊಳವೆ ಇಟ್ಟುಕೊಂಡವಳು ಮತ್ತೆ ತಲೆಯಾಡಿಸಿದಳು. ಡಾಕ್ಟರು ಆಗ ಸುಮನ್‌ನ ಕಡೆ ತಿರುಗಿದರು. ನಿಮ್ಮ ರಕ್ತದಲ್ಲಿ ಮಾತ್ರೆ ಕಡಿಮೆ ಇದೆ, ಇವರ ಹೃದಯ ಮಾತ್ರೆ ಹೆಚ್ಚಾದವರ ಹಾಗಿದೆ ಎಂದಷ್ಟೇ ಹೇಳಿದರು.

ಸುಮನ್ ತಂಗಿಯ ಮುಖ ನೋಡಿದ. ಅವನಿಗೆ ಹೊಳೆದದ್ದು ಒಂದೇ: ಭಯಕ್ಕೆ ಇವಳೇ ಕದ್ದು ತಿಂದಿದ್ದಾಳೆ.

“ನಾನೇ ಕೊಟ್ಟೆ ಸಾರ್,” ಎಂದ. “ಅವಳು ಬೇಡ ಅಂದ್ಲು. ನಾನೇ ಬಲವಂತ ಮಾಡಿ ಕೊಟ್ಟೆ.”

ಡಾಕ್ಟರು ಕನ್ನಡಕ ತೆಗೆದರು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ನಿಮ್ಮ ತಂಗಿ ಸತ್ತು ಹೋಗಬಹುದಿತ್ತು, ಓದಿದವರು ನೀವು, ನಿಮ್ಮ ಮೇಲೆ ನಂಬಿಕೆ ಇಟ್ಟು ಈ ಮಾತ್ರೆ ಕೊಟ್ಟದ್ದು, ಇನ್ನು ಪರೀಕ್ಷೆಯಲ್ಲಿ ನೀವು ಇರಲಾಗುವುದಿಲ್ಲ ಎಂದು ತಣ್ಣಗೆ ಹೇಳಿ ಹೊರಟುಹೋದರು.

ಮೀನಾಕ್ಷಮ್ಮ ಅಲ್ಲೇ, ಮಂಚದ ಕಾಲಿನ ಹತ್ತಿರ ನಿಂತಿದ್ದರು.   ಮಗ ತಲೆ ತಗ್ಗಿಸಿ ನಿಂತಿದ್ದ, ಅವನ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು. ಅದನ್ನು ನೋಡುತ್ತ ನೋಡುತ್ತ ತಾಯಿ ಸುಮ್ಮನೆ ನಿಂತರು. ಮಾತ್ರೆ ಹೋಳು ಮಾಡಿದ್ದು ತಿಳಿಯದೆ ಮಾಡಿದ್ದು ಎನ್ನಬಹುದು. ಇದನ್ನು ತಿಳಿದೇ ಮಾಡಿದರು.

ಡಾಕ್ಟರು ಹೋದ ಮೇಲೆ ಪ್ರೇರಣಾ ಮೂಗಿನ ಕೊಳವೆ ಸರಿಸಿ ಅಣ್ಣನನ್ನು ಕೇಳಿದಳು, ಯಾಕೆ ಸುಳ್ಳು ಹೇಳಿದೆ ಎಂದು.

“ಇನ್ನೇನು ಹೇಳ್ಲಿ? ನೀನು ಕದ್ದೆ ಅಂತ ಹೇಳ್ಬೇಕಿತ್ತಾ?”

“ನಾನು ಕದ್ದಿಲ್ಲ ಅಣ್ಣ.”

“ಸರಿ, ಬಿಡು.”

“ಬಿಡು ಅಂದ್ರೆ? ನಂಬಲ್ವಾ?”

“ನನ್ನ ಕೇಳಿದ್ರೆ ಕೊಡ್ತಿದ್ನಲ್ಲ ಪ್ರೇರು. ಪೂರ್ತಿನೇ ಕೊಡ್ತಿದ್ದೆ.”

ಅವಳು ಗೋಡೆಯ ಕಡೆ ತಿರುಗಿದಳು. ಚಿಕ್ಕಂದಿನಿಂದ ಒಂದು ದಿನವೂ ಮಾತು ಬಿಡದ ಅಣ್ಣತಂಗಿ ಆ ಸಂಜೆ ಮಾತು ಬಿಟ್ಟರು. ಮೀನಾಕ್ಷಮ್ಮ ಎಳನೀರಿನ ಲೋಟ ಹಿಡಿದು ಇಬ್ಬರ ನಡುವೆ ನಿಂತಿದ್ದರು. ಯಾರೂ ಕುಡಿಯಲಿಲ್ಲ.

ಮಾರನೆಯ ದಿನವೂ ಅವರು ರೊಟ್ಟಿ ತಟ್ಟಿದರು. ಕೊಟ್ಟ ಮಾತು, ಮೆಸ್ಸಿನವರು ಕಾಯುತ್ತಾರೆ. ಸ್ನಾನ ಮಾಡಿ ಪೂಜೆಗೆ ಕೂತು, ಕೊರಳಿನ ಲಿಂಗವನ್ನು ಬಿಚ್ಚಿ ಎಡಗೈಯಲ್ಲಿ ಇಟ್ಟುಕೊಂಡರು. ಮದುವೆಗೆ ಮುಂಚಿನಿಂದ ಮಾಡಿಕೊಂಡು ಬಂದ ಪೂಜೆ. ಲಿಂಗದ ಮೇಲೆ ದೃಷ್ಟಿಯಿಟ್ಟರೆ ಲೋಕ ಮರೆಯುತ್ತಿತ್ತು. ಅವತ್ತು ಕಣ್ಣು ಅತ್ತ ಇತ್ತ ಹೋಗುತ್ತಿತ್ತು. ಅಂಗೈಯಲ್ಲಿರುವುದನ್ನು ನೇರವಾಗಿ ನೋಡಲಾಗಲಿಲ್ಲ. ಸೋಮಲಿಂಗಪ್ಪ ಸತ್ತ ದಿನವೂ ನೋಡಿದ್ದ ಕಣ್ಣುಗಳು ಅವು. ವಿಭೂತಿ ಹಚ್ಚಿಕೊಳ್ಳದೆ ಎದ್ದರು. ಬೇಯಿಸಿಟ್ಟ ರೊಟ್ಟಿ ಹಾಗೇ ಬಿಟ್ಟು ಆಸ್ಪತ್ರೆಗೆ ಹೋದರು.

ಡಾಕ್ಟರು ಪ್ರೇರಣಾಳ ಮಂಚದ ಬಳಿಯೇ ಇದ್ದರು, ಪ್ರಿಯಾಂಕಾ ಜೊತೆಗಿದ್ದಳು. ಸುಮನ್ ಕಿಟಕಿಯ ಹತ್ತಿರ. ಮೀನಾಕ್ಷಮ್ಮ ಚೀಲ ಕೆಳಗಿಡಲಿಲ್ಲ, ಕೂರಲೂ ಇಲ್ಲ.

“ಅವನು ಕೊಟ್ಟಿಲ್ಲ ಸಾರ್. ಅವಳೂ ತಗೊಂಡಿಲ್ಲ. ನಾನು ಮಾತ್ರೆ ಅರ್ಧ ಮಾಡಿದೆ. ಅವನಿಗೆ ಜೇನಲ್ಲಿ, ಅವಳಿಗೆ ಕಷಾಯದಲ್ಲಿ. ಇಬ್ಬರಿಗೂ ಗೊತ್ತಿಲ್ಲ.”

ಯಾವಾಗಿಂದ ಎಂದು ಡಾಕ್ಟರು ಕೇಳಿದರು. ಮೊದಲ ದಿನದಿಂದ ಎಂದರು. ದೊಡ್ಡ ಮಾತ್ರೆ ಕೊಟ್ಟ ಮೇಲೂನಾ? ಹೂಂ. ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳಿದರು. 

“ಒಂದು ಮಾತು ನನ್ನ ಕೇಳಬಹುದಿತ್ತಲ್ಲಮ್ಮ,” ಎಂದರು ಡಾಕ್ಟರು.

ಹಾಲು ನಿಲ್ಲಿಸಿದ ದಿನದ ನಗು ಮೀನಾಕ್ಷಮ್ಮನ ನಾಲಿಗೆಯ ತುದಿಯವರೆಗೆ ಬಂತು. ಪ್ರಿಯಾಂಕಾಳ ಮುಖ ನೋಡಿದರೆ ಅವಳಿಗೂ ಅದು ನೆನಪಾದಂತಿತ್ತು, ಪಾಪದ ಹುಡುಗಿ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತಿರುಗಿಸುತ್ತ ನಿಂತಿದ್ದಳು. ಮೀನಾಕ್ಷಮ್ಮ ಆ ಮಾತನ್ನು ನುಂಗಿಕೊಂಡರು. ತನ್ನ ತಪ್ಪಿನಲ್ಲಿ ಆ ಹುಡುಗಿಗೂ ಪಾಲು ಕೊಡುವುದು ಅವರಿಗೆ ಬೇಕಿರಲಿಲ್ಲ.

“ತಿಳೀಲಿಲ್ಲ ಸಾರ್,” ಎಂದರು. “ತಿಳಿದ ಮೇಲೆ ಹೇಳೋಕೆ ನಾಚಿಕೆ ಆಯ್ತು.”

ಡಾಕ್ಟರು ನಗಲಿಲ್ಲ. ಸುಮನ್‌ನ ಹತ್ತಿರ ಹೋಗಿ, ನಿನ್ನೆ ಆಡಿದ ಮಾತಿಗೆ ಕ್ಷಮಿಸಿ ಎಂದರು. ಸತ್ಯ ಗೊತ್ತಾದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಪ್ರೇರಣಾಗೆ ಬೇರೆ ಯಾವುದೋ ಕಾಯಿಲೆ ಎಂದು ಹುಡುಕುತ್ತಿದ್ದೆವು. ಈ ಮಾತ್ರೆ ಮೈಯಿಂದ ಇಳಿದುಹೋದರೆ ಹೃದಯ ಮತ್ತೆ ಹಿಂಡುವುದನ್ನು ಕಲಿಯಬೇಕು, ಕಾಯೋಣ ಎಂದರು. ಆದರೆ ಸುಮನ್‌ನನ್ನು ಪರೀಕ್ಷೆಯಲ್ಲಿ ಉಳಿಸಿಕೊಳ್ಳುವುದು ತಮ್ಮ ಕೈಯಲ್ಲಿಲ್ಲ. ಮಾತ್ರೆ ಮಾರುಕಟ್ಟೆಗೆ ಬರುವ ತನಕ, ಬಂದರೆ, ಅವನು ಹಳೆಯ ಔಷಧಿಯಲ್ಲೇ ಇರಬೇಕು. ಬಿಗಿತ ಹೆಚ್ಚಿದರೆ ಆಪರೇಷನ್.

ಹೀಗೆ ಮೀನಾಕ್ಷಮ್ಮ ಒಂದು ಮಾತ್ರೆಯನ್ನು ಇಬ್ಬರಿಗೆ ಹಂಚಲು ಹೋಗಿ ಇಬ್ಬರಿಗೂ ಇಲ್ಲದಂತೆ ಮಾಡಿದರು.

ಡಾಕ್ಟರು ಹೋದ ಮೇಲೆ ಸುಮನ್ ತಂಗಿಯ ಮಂಚದ ಮೇಲೆ ಕೂತು ಅವಳ ಕಾಲು ಹಿಡಿದುಕೊಂಡ. ಅವಳು ಅವನ ತಲೆಗೆ ಮೊಟಕಿದಳು, ಕಳ್ಳಿ ಅಂದುಕೊಂಡ್ಯಲ್ಲೋ ಎಂದು. ಇಬ್ಬರೂ ಅತ್ತರು, ನಕ್ಕರು. ಅಮ್ಮನ ಕಡೆ ಯಾರೂ ನೋಡಲಿಲ್ಲ. ಬೇಕೆಂದೇ ಅಲ್ಲ. ಹೇಗೆ ನೋಡಬೇಕೆಂದು ಅವರಿಗೆ ತಿಳಿಯಲಿಲ್ಲ.

ವಾರಗಳು ಕಳೆದವು. ಪ್ರೇರಣಾಳ ಪಾದದ ಊತ ಇಳಿಯಿತು, ಎಕೋ ಪ್ರತಿ ಸಲವೂ ಸ್ವಲ್ಪ ಸುಧಾರಿಸಿತು. ಅವಳು ಮನೆಗೆ ಬಂದಳು. ಅಮ್ಮನ ಜೊತೆ ಒಂದೂ ಬಿರುಸಿನ ಮಾತಾಡಲಿಲ್ಲ. ಆದರೆ ಬೆಳಗ್ಗೆ ತಾನೇ ಎದ್ದು ತನ್ನ ಚಹಾ ಮಾಡಿಕೊಳ್ಳುತ್ತಿದ್ದಳು. ರೊಟ್ಟಿಯನ್ನು ಹಾಟ್‌ಬಾಕ್ಸಿನಿಂದ ತಾನೇ ತೆಗೆದುಕೊಳ್ಳುತ್ತಿದ್ದಳು, ಪಲ್ಯವನ್ನು ಅಣ್ಣ ಬಡಿಸಿಕೊಂಡ ಮೇಲೆ. ಮೀನಾಕ್ಷಮ್ಮ ಒಂದು ಸಲ ಮರೆತು ನೀರಿನ ಲೋಟ ಚಾಚಿದರು. ಅವಳು ತೆಗೆದುಕೊಂಡಳು. ತೆಗೆದುಕೊಂಡು, ಬೆಳಕಿಗೆ ಹಿಡಿದು ಒಂದು ಗಳಿಗೆ ನೋಡಿ, ಆಮೇಲೆ ಕುಡಿದಳು. ಕುಡಿದ ಮೇಲೆ ತಾನು ಮಾಡಿದ್ದು ತನಗೇ ತಿಳಿದು ಅವಳ ಮುಖ ಸಣ್ಣಗಾಯಿತು. ತಾಯಿ ಒಳಗೆ ಹೋಗಿ ಹಿಟ್ಟಿಗೆ ಕೈಹಾಕಿ ಕೂತರು, ನಾದಲಿಲ್ಲ.

ಅದಾದ ಕೆಲವು ದಿನಕ್ಕೆ ಅವಳೇ ಹೇಳಿದಳು. ಗೊಟ್ಟಿಗೆರೆಯಲ್ಲಿ ಅವಳ ಗೆಳತಿ ಸಮನ್ವಿತಾ ಒಬ್ಬಳೇ ಇದ್ದಾಳೆ, ಒಂದು ಕೋಣೆ ಖಾಲಿಯಿದೆ ಎಂದು.

“ಸಿಟ್ಟಿಲ್ಲಮ್ಮ. ನನಗೋಸ್ಕರನೇ ಮಾಡ್ದೆ ಅಂತ ಗೊತ್ತು. ಆದ್ರೆ ನಿನ್ನ ಕೈಯಿಂದ ಏನೇ ತಗೊಂಡ್ರೂ ಒಂದು ಸಲ ಅನುಮಾನ ಬರತ್ತೆ. ಅದು ಹೋಗ್ಲಿ, ಬರ್ತೀನಿ.”

ಮೀನಾಕ್ಷಮ್ಮ ಹೂಂ ಎಂದರು. ಅದು ಎಷ್ಟು ದಿನಕ್ಕೆ ಹೋಗುತ್ತದೆ ಎಂದು ಕೇಳಲಿಲ್ಲ.

ಸುಮನ್ ಆಟೋ ತಂದ. ಸೂಟ್‌ಕೇಸನ್ನು ಅವನಿಗೂ ಎತ್ತಗೊಡದೆ ಆಟೋದವನ ಕೈಲಿ ಇಳಿಸಿದಳು. ಬಾಗಿಲಲ್ಲಿ ಬಾಗಿ ಅಮ್ಮನ ಕಾಲು ಮುಟ್ಟಿದಳು. ಹೆಣ್ಣುಮಗಳನ್ನು ಶುಕ್ರವಾರ ಮನೆಯಿಂದ ಕಳಿಸಬಾರದು ಎನ್ನುವುದು ಮೀನಾಕ್ಷಮ್ಮನ ತವರಿನಿಂದ ಬಂದ ಮಾತು. ಇವತ್ತು ಬೇಡ, ನಾಳೆ ಹೋಗು ಎನ್ನುವುದು ಯಾವ ತಾಯಿಯ ಬಾಯಿಗೂ ಬರುವ ಮಾತು. ಹಾಗೆ ಹೇಳುವ ಮುಖ ತನಗಿನ್ನೂ ಇದೆಯೆ ಎಂದು ಅವರಿಗೆ ತಿಳಿಯಲಿಲ್ಲ. ಹೋಗಿ ಬಾ ಎಂದರು. ಪ್ರೇರಣಾ ಕತ್ರಿಗುಪ್ಪೆಯ ಮನೆ ಬಿಟ್ಟು ಹೋದದ್ದು ಶ್ರಾವಣದ ಮೊದಲ ಶುಕ್ರವಾರ.